ಓದಿದ ಪುಸ್ತಕ ಹೇಗಿತ್ತು?

ಗ್ರಂಥಾಲಯದ ಪುಸ್ತಕ ಹಿಂದಿರುಗಿಸುವಾಗ ಮೇಷ್ಟ್ರು “ಹೇಗಿತ್ತು ಪುಸ್ತಕ?” ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? “ಚೆನ್ನಾಗಿತ್ತು ಸಾರ್.” ಅಷ್ಟೇ ತಾನೆ? ಜಾತ್ರೆ ಹೇಗಿತ್ತು ಎಂದರೂ ಇದೇ ಉತ್ತರ, ಮಧ್ಯಾಹ್ನದ ಊಟ ಹೇಗಿತ್ತು ಎಂದರೂ ಇದೇ ಉತ್ತರ. ಈ ಒಂದು ಮಾತಿನಿಂದ ಪುಸ್ತಕದ ಬಗ್ಗೆ ಮೇಷ್ಟ್ರಿಗೆ ಏನೂ ತಿಳಿಯುವುದಿಲ್ಲ. ನಾಲ್ಕು ದಿನ ಕಳೆದರೆ ನಿಮಗೂ ಏನೂ ನೆನಪಿರುವುದಿಲ್ಲ.

ವಿಜ್ಞಾನದ ಕಥೆಗಳನ್ನು, ಪ್ರಾಣಿ ಪಕ್ಷಿಗಳ ಕಥೆಗಳನ್ನು ಓದುವಾಗ ಇನ್ನೊಂದು ಬಗೆಯ ಉತ್ತರ ಸಾಧ್ಯವಿದೆ. ಓದುತ್ತಾ ಓದುತ್ತಾ ಒಂದು ಕಡೆ ನೀವು ತಟ್ಟನೆ ನಿಲ್ಲುತ್ತೀರಿ. “ಅರೆ, ಇದು ನಿಜವೇ? ಹೀಗಾಗಲು ಸಾಧ್ಯವೇ?” ಎಂದು ಮನಸ್ಸು ಕೇಳುತ್ತದೆ. ಸಾಮಾನ್ಯವಾಗಿ ನಾವು ಆ ಪ್ರಶ್ನೆಯನ್ನು ಬದಿಗೆ ತಳ್ಳಿ, ಮುಂದೇನಾಯಿತೆಂದು ಪುಟ ತಿರುಗಿಸಿಬಿಡುತ್ತೇವೆ. ತಿರುಗಿಸಿ, ಅಡ್ಡಿಯಿಲ್ಲ. ಆದರೆ ನಿಂತ ಪುಟದಲ್ಲಿ ಒಂದು ಕಾಗದದ ಚೂರು ಇಟ್ಟುಕೊಳ್ಳಿ. ಕಥೆ ಮುಗಿದ ಮೇಲೆ ಅಲ್ಲಿಗೆ ಮರಳಿ ಬನ್ನಿ. ಹಾಗೆ ಮರಳಿ ಬಂದ ಕೆಲವು ಓದುಗರಿಂದ ಏನೆಲ್ಲ ಆಯಿತು ಎಂಬುದನ್ನು ನೋಡೋಣ.

ಚಂದ್ರನಿಗೆ ಹಾರಿಸಿದ ಗುಂಡು

ಫ್ರಾನ್ಸ್ ದೇಶದಲ್ಲಿ ಜೂಲ್ಸ್ ವರ್ನ್ ಎಂಬ ಲೇಖಕನಿದ್ದ. ವಿಮಾನವೂ ಇಲ್ಲದಿದ್ದ ಕಾಲ. 1865ರಲ್ಲಿ ಆತ ‘ಭೂಮಿಯಿಂದ ಚಂದ್ರನಿಗೆ’ ಎಂಬ ಕಾದಂಬರಿ ಬರೆದ. ಅದರ ಮುಂದಿನ ಭಾಗ ‘ಚಂದ್ರನ ಸುತ್ತ’ 1870ರಲ್ಲಿ ಪುಸ್ತಕವಾಗಿ ಬಂತು. ಕಥೆ ಹೀಗಿದೆ: ಅಮೆರಿಕದಲ್ಲಿ ಫಿರಂಗಿ ತಯಾರಿಸುವವರದೊಂದು ಸಂಘ. ಯುದ್ಧ ಮುಗಿದು ಅವರಿಗೆ ಕೆಲಸವಿಲ್ಲ. ಸುಮ್ಮನೆ ಕೂರಲಾರದೆ ಚಂದ್ರನತ್ತ ಗುಂಡು ಹಾರಿಸಲು ಹೊರಡುತ್ತಾರೆ. ಫ್ಲಾರಿಡಾ ಎಂಬಲ್ಲಿ ಬಾವಿ ತೋಡಿದಂತೆ ನೆಲ ತೋಡಿ, 900 ಅಡಿ ಉದ್ದದ ಫಿರಂಗಿಯನ್ನು ಎರಕ ಹೊಯ್ಯುತ್ತಾರೆ. ಗುಂಡು ಅಲ್ಯುಮಿನಿಯಂನದು, ಒಳಗೆ ಟೊಳ್ಳು. ಅದರಲ್ಲಿ ಮೂವರು ಮನುಷ್ಯರು, ಎರಡು ನಾಯಿಗಳು, ಜೊತೆಗೆ ಕೆಲವು ಕೋಳಿಗಳು! ಅವರು ಚಂದ್ರನ ಮೇಲೆ ಇಳಿಯುವುದಿಲ್ಲ. ಅದನ್ನು ಬಳಸಿಕೊಂಡು ಬಂದು ಪೆಸಿಫಿಕ್ ಸಾಗರದಲ್ಲಿ ಬೀಳುತ್ತಾರೆ.

ಸುಮಾರು ನೂರು ವರ್ಷಗಳ ಬಳಿಕ, 1968ರ ಡಿಸೆಂಬರ್‌ನಲ್ಲಿ, ಅಪೋಲೊ-8 ನೌಕೆ ಮೂವರನ್ನು ಹೊತ್ತು ಅದೇ ಫ್ಲಾರಿಡಾದಿಂದ ಹೊರಟು, ಚಂದ್ರನನ್ನು ಸುತ್ತಿ ಬಂದು ಪೆಸಿಫಿಕ್ ಸಾಗರದಲ್ಲೇ ಇಳಿಯಿತು. ಇದನ್ನು ಕೇಳಿದವರೆಲ್ಲ “ವರ್ನ್ ಭವಿಷ್ಯ ಹೇಳಿದ” ಎಂದು ಬೆರಗಾಗುತ್ತಾರೆ. ಬೆರಗಾಗುವಂಥದೇ. ಆದರೆ ನಮಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ವರ್ನ್ ಎಲ್ಲಿ ತಪ್ಪಿದ ಎಂಬುದು.

ಒಂದು ಸಣ್ಣ ಲೆಕ್ಕ ಮಾಡೋಣ. ಭೂಮಿಯ ಸೆಳೆತವನ್ನು ಮೀರಿ ಹೋಗಲು ಗುಂಡಿಗೆ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗ ಬೇಕು. ಇದು ವರ್ನ್‌ಗೂ ಗೊತ್ತಿತ್ತು. ಫಿರಂಗಿಯ ಉದ್ದ 900 ಅಡಿ, ಅಂದರೆ ಸುಮಾರು 275 ಮೀಟರ್. ತಳದಲ್ಲಿ ಗುಂಡಿನ ವೇಗ ಸೊನ್ನೆ. ಬಾಯಿಂದ ಹೊರಬರುವಾಗ ಸೆಕೆಂಡಿಗೆ 11,000 ಮೀಟರ್. ವೇಗ ಒಂದೇ ಸಮನೆ ಏರಿತೆಂದು ಭಾವಿಸಿದರೆ ಸರಾಸರಿ ವೇಗ ಸೆಕೆಂಡಿಗೆ 5,500 ಮೀಟರ್. ಈಗ 275ನ್ನು 5,500ರಿಂದ ಭಾಗಿಸಿ. ಎಷ್ಟು ಬಂತು? 0.05. ಅಂದರೆ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ! ನೀವು ಒಮ್ಮೆ ರೆಪ್ಪೆ ಬಡಿಯಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಅಷ್ಟರಲ್ಲಿ ವೇಗ ಸೊನ್ನೆಯಿಂದ 11,000 ಮೀಟರ್‌ಗೆ ಏರಬೇಕು. ಒಂದು ಪೂರ್ತಿ ಸೆಕೆಂಡಿಗೆ ಲೆಕ್ಕ ಹಾಕಿದರೆ 2,20,000 ಮೀಟರ್‌ನಷ್ಟು ಏರಿಕೆ. ಮರದಿಂದ ಬೀಳುವ ಮಾವಿನಕಾಯಿಯ ವೇಗ ಸೆಕೆಂಡಿಗೆ ಸುಮಾರು 10 ಮೀಟರ್‌ನಂತೆ ಏರುತ್ತದೆ. ಅದು ಭೂಮಿಯ ಗುರುತ್ವದಿಂದ ಆಗುವ ಏರಿಕೆ. ಇದು ಅದರ 22,000 ಪಟ್ಟು. ಬಸ್ಸು ಜೋರಾಗಿ ಮುಂದಕ್ಕೆ ಹೊರಟಾಗ ಬೆನ್ನು ಸೀಟಿಗೆ ಒತ್ತಿಕೊಳ್ಳುವುದು ನಿಮ್ಮ ಅನುಭವಕ್ಕೆ ಬಂದಿದೆಯಲ್ಲವೇ? ಅದೇ ಒತ್ತಡ ಇಲ್ಲಿ ಎಷ್ಟಾಯಿತು ನೋಡಿ. 30 ಕಿಲೋ ತೂಕದ ಹುಡುಗನೊಬ್ಬ ಆ ಗುಂಡಿನೊಳಗೆ ಕುಳಿತಿದ್ದರೆ ಅವನ ತೂಕ 660 ಟನ್ ಆದಂತೆ. ಅವನ ತಲೆಯ ಮೇಲಿನ 100 ಗ್ರಾಂ ಟೋಪಿಯೇ ಎರಡು ಟನ್ನಿಗಿಂತ ಹೆಚ್ಚು ಭಾರವಾಗಿ ಅವನನ್ನು ಹಪ್ಪಳ ಮಾಡುತ್ತಿತ್ತು. ಒತ್ತಡ ತಡೆಯಲೆಂದು ವರ್ನ್ ಗುಂಡಿನ ತಳದಲ್ಲಿ ನೀರು ತುಂಬಿಸಿದ್ದಾನೆ. ಪಾಪ, ಆ ನೀರು ಏನು ಮಾಡೀತು?

ಕಥೆಯನ್ನು ಓದಿ ಇಂಥದೇ ಲೆಕ್ಕಕ್ಕೆ ಕುಳಿತವರಲ್ಲಿ ರಷ್ಯಾದ ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿ ಒಬ್ಬ. ಹುಟ್ಟಿದ್ದು 1857ರಲ್ಲಿ. ಬಾಲ್ಯದಲ್ಲಿ ಬಂದ ಜ್ವರದಿಂದ ಅವನಿಗೆ ಕಿವಿ ಬಹುಮಟ್ಟಿಗೆ ಕೇಳಿಸದಾಯಿತು. ತರಗತಿಯಲ್ಲಿ ಕುಳಿತು ಕಲಿಯುವುದು ಕಷ್ಟವಾಗಿ, ಹೆಚ್ಚಿನದನ್ನು ಪುಸ್ತಕಗಳಿಂದಲೇ ಕಲಿತ. ಮುಂದೆ ಶಾಲಾ ಶಿಕ್ಷಕನಾದ. ಬಾಹ್ಯಾಕಾಶದ ಯೋಚನೆಯ ಬೀಜ ತನ್ನಲ್ಲಿ ಬಿದ್ದದ್ದು ವರ್ನ್‌ನ ಕಥೆಗಳಿಂದ ಎಂದು ಆತನೇ ಹೇಳಿಕೊಂಡಿದ್ದಾನೆ. ಆದರೆ ಫಿರಂಗಿಯಿಂದ ಮನುಷ್ಯ ಬದುಕಿ ಹೊರಬರಲಾರ ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ಹಾಗಾದರೆ ದಾರಿ ಯಾವುದು? ಒಂದೇ ಏಟಿಗೆ ವೇಗ ಕೊಡುವ ಬದಲು ನಿಧಾನವಾಗಿ, ನಿಮಿಷಗಟ್ಟಲೆ ವೇಗ ಹೆಚ್ಚಿಸುತ್ತಾ ಹೋಗುವ ಸಾಧನ ಬೇಕು. ಅದು ರಾಕೆಟ್. ಇಂಧನ ಎಷ್ಟಿದ್ದರೆ ರಾಕೆಟ್ಟಿಗೆ ಎಷ್ಟು ವೇಗ ಸಿಕ್ಕೀತು ಎಂಬ ಲೆಕ್ಕವನ್ನು ಅವನು 1903ರಲ್ಲಿ ಪ್ರಕಟಿಸಿದ. ಇಂದಿಗೂ ರಾಕೆಟ್ ಹಾರಿಸುವವರು ಆ ಸಮೀಕರಣವನ್ನು ಬಳಸುತ್ತಾರೆ. ಈಗ ಗಗನಯಾತ್ರಿಗಳನ್ನು ಹೊತ್ತ ರಾಕೆಟ್ ಕಕ್ಷೆ ಸೇರಲು ಎಂಟೊಂಬತ್ತು ನಿಮಿಷ ತೆಗೆದುಕೊಳ್ಳುತ್ತದೆ. ಒಳಗಿರುವವರಿಗೆ ತಮ್ಮ ತೂಕ ಮೂರು ನಾಲ್ಕು ಪಟ್ಟು ಹೆಚ್ಚಿದಂತೆ ಅನಿಸುತ್ತದೆ, ಅಷ್ಟೇ. ಅದನ್ನು ತಡೆದುಕೊಳ್ಳಬಹುದು.

ಗಮನಿಸಿದಿರಾ? ವರ್ನ್‌ನ ಪುಸ್ತಕದಲ್ಲಿ ತಪ್ಪು ಕಂಡ ಓದುಗನೇ ಆ ಪುಸ್ತಕವನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದ್ದ. ‘ತಪ್ಪು ಹುಡುಕುವುದು’ ಎಂದರೆ ಬೈಯುವುದು ಎಂದು ಕೆಲವರು ತಿಳಿದಿದ್ದಾರೆ. ಹಾಗೇನೂ ಅಲ್ಲ.

ಕಿಟಕಿಯಾಚೆಯ ನಾಯಿ

ವರ್ನ್‌ನ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ನನಗೆ ಬಹಳ ಇಷ್ಟವಾದ ಭಾಗ ಅದು. ಗುಂಡು ಹಾರಿದ ಏಟಿಗೆ ಎರಡು ನಾಯಿಗಳಲ್ಲಿ ಒಂದಕ್ಕೆ ಪೆಟ್ಟಾಗಿ ಸಾಯುತ್ತದೆ. ಪ್ರಯಾಣಿಕರು ಕಿಟಕಿ ತೆರೆದು ಅದರ ದೇಹವನ್ನು ಹೊರಕ್ಕೆ ಹಾಕುತ್ತಾರೆ. ಮಾರನೆಯ ದಿನ ನೋಡಿದರೆ ಅದು ಕಿಟಕಿಯ ಹೊರಗೇ ಇದೆ! ಹಿಂದೆ ಉಳಿದಿಲ್ಲ, ಕೆಳಗೆ ಬಿದ್ದಿಲ್ಲ. ಗುಂಡಿನ ಜೊತೆಜೊತೆಗೇ ಬರುತ್ತಿದೆ. ಇದು ನೂರಕ್ಕೆ ನೂರು ಸರಿ. ಅಲ್ಲಿ ತಡೆಯಲು ಗಾಳಿ ಇಲ್ಲ. ಗುಂಡಿಗೆ ಎಷ್ಟು ವೇಗವೋ ನಾಯಿಯ ದೇಹಕ್ಕೂ ಅಷ್ಟೇ ವೇಗ.

ಆದರೆ ಅದೇ ಹೊತ್ತಿನಲ್ಲಿ ಗುಂಡಿನ ಒಳಗೆ ಏನು ನಡೆದಿದೆ? ಮನೆಯ ಜಗಲಿಯಲ್ಲಿ ಓಡಾಡುವಂತೆ ಮೂವರೂ ನೆಲದ ಮೇಲೆ ಓಡಾಡುತ್ತಿದ್ದಾರೆ. ಭೂಮಿಯ ಸೆಳೆತ ಮತ್ತು ಚಂದ್ರನ ಸೆಳೆತ ಸಮನಾಗುವ ಒಂದು ಜಾಗದಲ್ಲಿ ಮಾತ್ರ ತೂಕ ಕಳೆದುಕೊಂಡು ತೇಲುತ್ತಾರೆ. ಇಲ್ಲಿ ನಿಲ್ಲಿ. ಹೊರಗಿನ ನಾಯಿ ಗುಂಡಿನ ಜೊತೆ ತೇಲಿಕೊಂಡು ಬರುವುದಾದರೆ ಒಳಗಿನ ಮನುಷ್ಯರೂ ಹಾಗೆಯೇ ತೇಲಬೇಕಲ್ಲವೇ? ಒಳಗಿದ್ದರೇನು, ಹೊರಗಿದ್ದರೇನು? ನೆಲವನ್ನು ಒತ್ತಿ ನಿಲ್ಲಲು ಅವರಿಗೆ ಕಾರಣವೇ ಇಲ್ಲ. ಫಿರಂಗಿಯ ಬಾಯಿ ದಾಟಿ, ಗಾಳಿಯ ಪದರವನ್ನೂ ದಾಟಿದ ಮೇಲೆ ದಾರಿಯುದ್ದಕ್ಕೂ ಅವರು ತೇಲುತ್ತಲೇ ಇರಬೇಕಿತ್ತು. ತನ್ನ ತಪ್ಪನ್ನು ತೋರಿಸಿಕೊಡುವ ಸಾಕ್ಷಿಯನ್ನು ವರ್ನ್ ತನ್ನ ಕಥೆಯಲ್ಲೇ, ಕಿಟಕಿಯ ಆಚೆಗೆ, ಇಟ್ಟುಬಿಟ್ಟಿದ್ದಾನೆ. ಎರಡು ಪುಟಗಳನ್ನು ಒಟ್ಟಿಗಿಟ್ಟು ಓದಿದವರಿಗೆ ಅದು ಕಾಣುತ್ತದೆ.

ನಂಬಿಕೆ ಬರಲಿಲ್ಲವೇ? ಮಾಡಿ ನೋಡಿ. ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ತಳದ ಹತ್ತಿರ ಪಕ್ಕದಲ್ಲಿ ಮೊಳೆಯಿಂದ ಒಂದು ತೂತು ಮಾಡಿ (ದೊಡ್ಡವರ ನೆರವು ಪಡೆಯಿರಿ). ತೂತನ್ನು ಬೆರಳಿನಿಂದ ಮುಚ್ಚಿ ನೀರು ತುಂಬಿ. ಮುಚ್ಚಳ ಹಾಕಬೇಡಿ. ಶಾಲೆಯ ಜಗಲಿಯ ಮೇಲೆ ನಿಂತು ಬಾಟಲಿಯನ್ನು ಎತ್ತರಕ್ಕೆ ಹಿಡಿದು ಬೆರಳು ತೆಗೆಯಿರಿ. ನೀರು ಚಿಮ್ಮುತ್ತದೆ. ಮೇಲಿನ ನೀರಿನ ತೂಕ ಕೆಳಗಿನ ನೀರನ್ನು ಒತ್ತುವುದರಿಂದ ಹೀಗೆ. ಈಗ ಬಾಟಲಿಯನ್ನು ಎಸೆಯದೆ, ಅಲುಗಿಸದೆ, ಸುಮ್ಮನೆ ಕೈಬಿಡಿ. ಗೆಳೆಯರು ತೂತನ್ನೇ ನೋಡುತ್ತಿರಲಿ. ಬಾಟಲಿ ಬೀಳುತ್ತಿರುವಷ್ಟು ಹೊತ್ತು ನೀರು ಚಿಮ್ಮುವುದು ನಿಂತುಹೋಗಿರುತ್ತದೆ! ಬಾಟಲಿಯೂ ನೀರೂ ಒಂದೇ ರೀತಿ ಬೀಳುತ್ತಿರುವಾಗ ಯಾರೂ ಯಾರನ್ನೂ ಒತ್ತುವುದಿಲ್ಲ. ಒಂದೆರಡು ಸಲ ಮಾಡಿದರೆ ಚೆನ್ನಾಗಿ ಕಾಣುತ್ತದೆ.

2025ರಲ್ಲಿ ನಮ್ಮ ದೇಶದ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲಾಡುವುದನ್ನು ಟಿ.ವಿ.ಯಲ್ಲಿ ನೋಡಿರಬಹುದು. ಅದು ಇರುವುದು ಕೇವಲ 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿನದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದ್ದೇ ಇದೆ. ಆದರೂ ಅವರು ತೇಲಿದರು. ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೆ ಭೂಮಿಯ ಸುತ್ತ ‘ಬೀಳುತ್ತಲೇ’ ಇರುತ್ತಾರೆ, ನಿಮ್ಮ ಬಾಟಲಿಯೂ ನೀರೂ ಬಿದ್ದಂತೆ.

ಇನ್ನೊಬ್ಬ ಓದುಗನ ವಿಷಯ ಹೇಳಿ ಮುಂದೆ ಹೋಗೋಣ. ಅಮೆರಿಕದ ರಾಬರ್ಟ್ ಗೊಡಾರ್ಡ್ ತನ್ನ ಹದಿನಾರನೆಯ ವಯಸ್ಸಿನಲ್ಲಿ, 1898ರಲ್ಲಿ, ಎಚ್. ಜಿ. ವೆಲ್ಸ್ ಬರೆದ ‘ಲೋಕಗಳ ಯುದ್ಧ’ವನ್ನು ಓದಿದ. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕಥೆ ಅದು. ಮಾರನೆಯ ವರ್ಷ ಅಕ್ಟೋಬರ್ 19ರಂದು ಒಣ ಕೊಂಬೆ ಕಡಿಯಲೆಂದು ಹಿತ್ತಲಿನ ಚೆರ್ರಿ ಮರ ಹತ್ತಿದವನಿಗೆ, ಮಂಗಳಕ್ಕೆ ಹೋಗುವ ಯಂತ್ರವೊಂದನ್ನು ಮಾಡಿದರೆ ಹೇಗೆ ಎಂಬ ಯೋಚನೆ ಬಂತು. ದ್ರವ ಇಂಧನದ ಮೊಟ್ಟಮೊದಲ ರಾಕೆಟ್ಟನ್ನು ಆತ ಹಾರಿಸಿದ್ದು 1926ರ ಮಾರ್ಚ್ 16ರಂದು. ಅದು ಏರಿದ್ದು ತೆಂಗಿನ ಮರದಷ್ಟು ಎತ್ತರಕ್ಕೂ ಸಾಲದು, ಸುಮಾರು ಹನ್ನೆರಡೂವರೆ ಮೀಟರ್! 1932ರಲ್ಲಿ, ಐವತ್ತರ ಹತ್ತಿರದಲ್ಲಿದ್ದಾಗ, ಗೊಡಾರ್ಡ್ ವೆಲ್ಸ್‌ಗೆ ಕಾಗದ ಬರೆದು, ಹದಿನಾರರಲ್ಲಿ ಓದಿದ ಆ ಪುಸ್ತಕ ತನ್ನ ಮನಸ್ಸಿನ ಮೇಲೆ ಎಂಥ ಪರಿಣಾಮ ಮಾಡಿತೆಂದು ತಿಳಿಸಿದ. ಅನಿಸಿಕೆ ಹೇಳಲು ಮೂವತ್ತನಾಲ್ಕು ವರ್ಷ ತೆಗೆದುಕೊಂಡ. ನೀವು ಅಷ್ಟು ಕಾಯಬೇಕಾಗಿಲ್ಲ.

ಮುಂಗುಸಿ ತಿಂದ ಬೇರು

ಚಂದ್ರನಿಗೆ ಗುಂಡು ಹಾರಿಸುವ ಕಥೆ ಕಲ್ಪನೆ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ ಸ್ವಲ್ಪ ಎಚ್ಚರದಿಂದಲೇ ಓದುತ್ತೇವೆ. ಪ್ರಾಣಿಗಳ ಕಥೆ ಹಾಗಲ್ಲ. ಹಾವು, ಮುಂಗುಸಿ, ಗುಬ್ಬಿ ಎಲ್ಲ ನಮ್ಮ ಹಿತ್ತಲಿನವೇ. ಅವುಗಳ ಬಗ್ಗೆ ಪುಸ್ತಕದಲ್ಲಿ ಏನು ಹೇಳಿದ್ದರೂ ಬೇಗ ನಂಬಿಬಿಡುತ್ತೇವೆ. ಹಾಗಾಗಿ ಇಲ್ಲಿಯೇ ಹೆಚ್ಚು ಎಚ್ಚರ ಬೇಕು ಎಂಬುದು ನನ್ನ ಅಭಿಪ್ರಾಯ.

ರಡ್ಯಾರ್ಡ್ ಕಿಪ್ಲಿಂಗ್‌ನ ‘ಜಂಗಲ್ ಬುಕ್’ 1894ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೌಗ್ಲಿಯ ಕಥೆಯ ಜೊತೆಗೆ ರಿಕ್ಕಿ ಟಿಕ್ಕಿ ಟಾವಿ ಎಂಬ ಮುಂಗುಸಿಯ ಕಥೆಯೂ ಇದೆ. ಬಂಗಲೆಯೊಂದರ ತೋಟದಲ್ಲಿರುವ ಎರಡು ನಾಗರಹಾವುಗಳನ್ನು ಮರಿ ಮುಂಗುಸಿ ಎದುರಿಸುತ್ತದೆ. ಹಾವು ಮುಂಗುಸಿಗಳು ಮಾತಾಡುತ್ತವೆ. “ಮುಂಗುಸಿ ಮಾತಾಡುತ್ತದೆಯೇ?” ಎಂದು ಯಾರೂ ಕೇಳಬೇಕಾಗಿಲ್ಲ, ಅದು ಕಥೆ ಹೇಳುವ ರೀತಿ. ಕೇಳಬೇಕಾದ್ದು ಬೇರೆ. ಈ ಕಥೆಯಲ್ಲಿ ದರ್ಜಿ ಎಂಬ ಹಕ್ಕಿ ಬರುತ್ತದೆ. ಅದು ಎಲೆಗಳನ್ನು ನಾರಿನಿಂದ ಹೊಲಿದು, ಒಳಗೆ ಹತ್ತಿಯಂಥ ಮೆತ್ತನೆಯ ವಸ್ತು ತುಂಬಿ ಗೂಡು ಮಾಡಿದೆ. ನಿಜವೇ? ನಿಜ. ನಮ್ಮಲ್ಲಿ ಅದಕ್ಕೆ ಸಿಂಪಿಗ ಎನ್ನುತ್ತಾರೆ, ಟುವ್ವಿ ಹಕ್ಕಿ ಎಂದೂ ಹೇಳುತ್ತಾರೆ. ಅಗಲ ಎಲೆಯ ಗಿಡಗಳಲ್ಲಿ, ನಿಮ್ಮ ಶಾಲೆಯ ಕೈತೋಟದಲ್ಲಿಯೇ, ಅದರ ಗೂಡು ಇರಬಹುದು. ದೂರದಿಂದ ನೋಡಿ. ಮುಟ್ಟಬೇಡಿ.

ಇನ್ನು ಮುಖ್ಯವಾದ ವಿಷಯ. ಹಾವು ಕಚ್ಚಿದರೆ ಮುಂಗುಸಿ ಓಡಿಹೋಗಿ ಯಾವುದೋ ಬೇರನ್ನೋ ಸೊಪ್ಪನ್ನೋ ತಿಂದು ವಿಷ ಇಳಿಸಿಕೊಳ್ಳುತ್ತದೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಹಳೆಯ ಪುಸ್ತಕಗಳಲ್ಲೂ ಇದಿತ್ತು. ಕಿಪ್ಲಿಂಗ್ ಕಥೆಯನ್ನು ನಡುವೆ ನಿಲ್ಲಿಸಿ, ಇದು ಸುಳ್ಳು, ಮುಂಗುಸಿ ಗೆಲ್ಲುವುದು ಕಣ್ಣಿನ ಮತ್ತು ಕಾಲಿನ ಚುರುಕಿನಿಂದ ಮಾತ್ರ ಎಂದು ಓದುಗರಿಗೆ ತಿಳಿಸುತ್ತಾನೆ. ಬೇರಿನ ವಿಷಯದಲ್ಲಿ ಅವನ ಮಾತು ಸರಿ. ಆದರೆ ‘ಚುರುಕಿನಿಂದ ಮಾತ್ರ’ ಎಂಬುದು ಪೂರ್ತಿ ಸರಿಯಲ್ಲ. ನಾಗರಹಾವಿನ ವಿಷದಲ್ಲಿರುವ ಮುಖ್ಯ ನಂಜು, ನರದ ಸಂದೇಶ ಸ್ನಾಯುವಿಗೆ ತಲುಪುವ ಜಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಬೀಗಕ್ಕೆ ಬೇರೆ ಕೀಲಿಕೈ ತುರುಕಿದ ಹಾಗೆ. ಆಮೇಲೆ ಸರಿಯಾದ ಕೀಲಿಕೈ ಒಳಗೆ ಹೋಗುವುದಿಲ್ಲ. ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ, ಉಸಿರಾಟ ನಿಲ್ಲುತ್ತದೆ. 1990ರ ದಶಕದ ಆರಂಭದಲ್ಲಿ ಇಸ್ರೇಲಿನ ವಿಜ್ಞಾನಿಗಳು ಮುಂಗುಸಿಯಲ್ಲಿ ಈ ಬೀಗದ ಆಕಾರವೇ ತುಸು ಬೇರೆ ಎಂದು ಕಂಡುಕೊಂಡರು. ನಂಜು ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಹೆಚ್ಚು ವಿಷ ಸೇರಿದರೆ ಮುಂಗುಸಿಯೂ ಸಾಯಬಹುದು, ಆದರೆ ನಮಗಿಂತ ಬಹಳ ಹೆಚ್ಚು ತಡೆದುಕೊಳ್ಳುತ್ತದೆ.

ಅಂದರೆ ಮುಂಗುಸಿಯ ರಕ್ಷಣೆ ಹುಟ್ಟಿನಿಂದ ಅದರ ಮೈಯಲ್ಲೇ ಇದೆ. ಕಾಡಿನ ಬೇರಿನಲ್ಲಿ ಇಲ್ಲ. ಮನುಷ್ಯರಿಗೆ ಆ ಬೇರೆ ಆಕಾರದ ಬೀಗ ಇಲ್ಲ.

ಈ ವ್ಯತ್ಯಾಸ ತಿಳಿಯದಿದ್ದರೆ ಜೀವಕ್ಕೇ ಅಪಾಯ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಬೇರು ಅರೆಯುತ್ತಾ, ಮಂತ್ರ ಹಾಕಿಸುತ್ತಾ ಕಳೆದ ಹೊತ್ತಿನಲ್ಲಿ ಎಷ್ಟೋ ಜೀವಗಳು ಹೋಗಿವೆ. ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಕಚ್ಚಿಸಿಕೊಂಡವರನ್ನು ಓಡಿಸದೆ, ನಡೆಸದೆ, ಧೈರ್ಯ ಹೇಳಿ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಪ್ರತಿವಿಷದ ಔಷಧಿಯೇ ಮದ್ದು. ಮನೆಯಲ್ಲಿ ಯಾರಾದರೂ “ಮುಂಗುಸಿ ತಿನ್ನುವ ಬೇರು ಇದೆ” ಎಂದರೆ, ಮುಂಗುಸಿಯ ಬೀಗದ ವಿಷಯ ನೀವು ಹೇಳಬಲ್ಲಿರಿ. ಅಜ್ಜಿಗೆ ಹೇಳುವುದಾದರೆ ಮೆಲ್ಲಗೆ ಹೇಳಿ.

ಹಾರುವ ಓತಿ

ಕನ್ನಡದ ಪುಸ್ತಕವೊಂದನ್ನು ಹೇಳದೆ ಮುಗಿಸಲಾಗದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಮಕ್ಕಳಿಗೆಂದೇ ಬರೆದದ್ದಲ್ಲ, ಆದರೂ ಏಳನೆಯ ತರಗತಿಯವರು ನಗುತ್ತಾ ಓದಬಲ್ಲ ಕಾದಂಬರಿ. ಕರ್ವಾಲೊ ಎಂಬ ವಿಜ್ಞಾನಿ, ಜೇನಿನ ಹುಚ್ಚಿನ ಮಂದಣ್ಣ, ಇವರೊಂದಿಗೆ ಇನ್ನೂ ಕೆಲವರು ಹಾರುವ ಓತಿಯನ್ನು ಹುಡುಕುತ್ತಾ ಮಲೆನಾಡಿನ ಕಾಡಿಗೆ ಹೋಗುತ್ತಾರೆ. ಕೊನೆಗೆ ಏನಾಯಿತೆಂದು ಇಲ್ಲಿ ಹೇಳುವುದಿಲ್ಲ. ಓದಿದವರೂ ಗೆಳೆಯರಿಗೆ ಹೇಳಬೇಡಿ.

ಓದಿದ ಹೆಚ್ಚಿನವರು ನಿಲ್ಲುವ ಜಾಗ ಒಂದೇ: ಓತಿ ಹಾರುವುದುಂಟೇ? ಕಥೆಯಲ್ಲಿ ಅದು ಬಲು ಅಪರೂಪದ, ಬಲು ಹಳೆಯ ಕಾಲದ ಜೀವಿ ಎಂಬಂತೆ ಬರುತ್ತದೆ. ಅದು ಕಾದಂಬರಿಯ ಬೆರಗು. ಆದರೆ ಹಾರುವ ಓತಿ ನಿಜವಾಗಿಯೂ ಇದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಷ್ಟೇ ಏಕೆ, ಅಡಿಕೆ ತೋಟಗಳಲ್ಲಿಯೂ ಇದೆ. ಬಾಲವೂ ಸೇರಿ ಸುಮಾರು ಒಂದು ಗೇಣು ಉದ್ದ. ಅದರ ಕೆಲವು ಜೊತೆ ಪಕ್ಕೆಲುಬುಗಳು ಉದ್ದವಾಗಿ ಬೆಳೆದಿದ್ದು, ಅವುಗಳ ಮೇಲೆ ತೆಳು ಚರ್ಮ ಹರಡಿದೆ. ಕೊಡೆ ಬಿಚ್ಚಿದಂತೆ ಅದನ್ನು ಬಿಚ್ಚಿ ಒಂದು ಮರದಿಂದ ಇನ್ನೊಂದು ಮರಕ್ಕೆ ಗಾಳಿಯಲ್ಲಿ ಜಾರುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿದು ಮೇಲೇರಲಾರದು. ಮುಖ್ಯ ಆಹಾರ ಇರುವೆ. ಗಂಡಿನ ಗಂಟಲಲ್ಲಿ ಹಳದಿ ಬಣ್ಣದ ಚರ್ಮದ ಪಟ್ಟಿಯಿದ್ದು, ಅದನ್ನು ಆಗಾಗ ಚಾಚಿ ಮಡಿಸುತ್ತದೆ. ಹೆಣ್ಣು ಮೊಟ್ಟೆಯಿಡಲು ಮರದಿಂದ ನೆಲಕ್ಕೆ ಇಳಿಯುತ್ತದೆ.

ಇನ್ನು ನಿಮ್ಮ ಅನಿಸಿಕೆಯ ಪುಸ್ತಕ. ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳೇ ಸಾಕು. ಪುಸ್ತಕದ ಹೆಸರು, ನೀವು ನಿಂತ ಪುಟ, ಅಲ್ಲಿ ಹುಟ್ಟಿದ ಪ್ರಶ್ನೆ, ಅದನ್ನು ಹೇಗೆ ಪರೀಕ್ಷಿಸಿದಿರಿ, ಏನು ಕಂಡಿತು, ಇಷ್ಟು ಬರೆಯಿರಿ. ಲೆಕ್ಕ ಮಾಡಿದ್ದರೆ ಲೆಕ್ಕವನ್ನೂ ಅಲ್ಲಿಯೇ ಮಾಡಿ. ಉತ್ತರ ಸಿಗದಿದ್ದರೆ ಅರ್ಧ ಪುಟ ಖಾಲಿ ಬಿಡಿ. ಎಂಟನೆಯ ತರಗತಿಗೆ ಹೋದ ಮೇಲೆ ತುಂಬಬಹುದು.

ಮಲೆನಾಡು, ಕರಾವಳಿಯವರು ಅಡಿಕೆ ತೋಟದಲ್ಲಿ ಬಿಸಿಲೇರಿದ ಮೇಲೆ ಮರದ ಕಾಂಡಗಳನ್ನು ನೋಡುತ್ತಾ ನಿಲ್ಲಿ. ಓತಿ ತೊಗಟೆಯ ಬಣ್ಣಕ್ಕೇ ಇರುವುದರಿಂದ ಸುಲಭವಾಗಿ ಕಾಣದು. ಗಂಟಲಿನ ಹಳದಿ ಮಿನುಗಿದಾಗ ಸಿಕ್ಕಿಬೀಳುತ್ತದೆ. ಬಯಲುಸೀಮೆಯವರಿಗೆ ಹಾರುವ ಓತಿ ಸಿಗದು, ಬೇಸರ ಬೇಡ. ಬೇಲಿಯ ಮೇಲೆ ಓತಿಕ್ಯಾತ ಇದ್ದೇ ಇರುತ್ತದೆ. ಅದು ಆಗಾಗ ತಲೆ ಆಡಿಸುತ್ತದೆ. ಒಂಟಿಯಾಗಿದ್ದಾಗ ಎಷ್ಟು ಸಲ? ಇನ್ನೊಂದು ಓತಿಕ್ಯಾತ ಹತ್ತಿರ ಬಂದಾಗ ಎಷ್ಟು ಸಲ? ಕಲ್ಲು ಹೊಡೆಯದೆ, ಹತ್ತು ನಿಮಿಷ ಅಲ್ಲಾಡದೆ ಕುಳಿತು ಎಣಿಸಿ ಬರೆದುಕೊಳ್ಳಿ.